ಬಾಲಿದ್ವೀಪದ ಒಳನಾಡಿನಲ್ಲಿ ಒಂದು ದಿನ

ಗುಮಾಸ್ತೆಯ ಸಂಬಳದಲ್ಲಿ ಬಾಲಿದ್ವೀಪವೇ ಎಂದು ಸಂಘದ ಮಿತ್ರರು ಹುಬ್ಬೇರಿಸಿದರು. ಮೂರು ವರ್ಷ ಚೀಟಿ ಕಟ್ಟಿದ್ದೆವು. ಆ ಲೆಕ್ಕ ಇಲ್ಲಿ ಬೇಡ. ಹೋಗಿಬಂದವರೆಲ್ಲ ಅಲ್ಲಿನ ಕಡಲತೀರವನ್ನೇ ವರ್ಣಿಸುತ್ತಾರೆ. ಚೆನ್ನೈಯಲ್ಲಿರುವ ನಮಗೆ ಕಡಲೇನು ಹೊಸದೇ? ಒಂದು ದಿನವನ್ನು ಬೆಟ್ಟದ ಹಳ್ಳಿಗಳಿಗೆಂದೇ ಮೀಸಲಿಟ್ಟೆವು. ನಾವು ದಂಪತಿಗಳು, ಮಗಳು, ಜೊತೆಗೆ ಮಂಡ್ಯದ ಕಡೆಯ ನಮ್ಮ ಮಾವನವರು.

ಬೆಳಿಗ್ಗೆ ಏಳಕ್ಕೆ ಉಬುದ್ ಪಟ್ಟಣದಿಂದ ಕಾರು ಹೊರಟಿತು. ಏರುತ್ತ ಹೋದಂತೆ ಬೆವರು ಆರಿತು. ೨,೨೭೬ ಮೀಟರು ಎತ್ತರದ ಬಟುಕಾರು ಪರ್ವತದ ತೆಂಕಣ ಮಗ್ಗುಲಲ್ಲಿ ಜಟಿಲುವಿ ಎಂಬ ಹಳ್ಳಿಯಿದೆ. ಅಲ್ಲಿ ಬೆಟ್ಟವೆಲ್ಲ ಮೆಟ್ಟಿಲು ಮೆಟ್ಟಿಲಾದ ಗದ್ದೆ. ಒಂದೇ ಮೂಲದ ನೀರು ಬಳಸುವ ರೈತರ ಕೂಟಕ್ಕೆ ಸುಬಾಕ್ ಎಂದು ಹೆಸರು. ಸಾವಿರ ವರ್ಷ ಹಳೆಯ ಈ ಪದ್ಧತಿಯನ್ನು ಯುನೆಸ್ಕೋ ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮಾವನವರು ಚಪ್ಪಲಿ ಕಳಚಿ ಬದುವಿಗಿಳಿದರು. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಕೊರೆದ ಕಚ್ಚುಗಳು. ಕಚ್ಚಿನ ಅಗಲದಷ್ಟು ನೀರು, ಗದ್ದೆಯ ಅಳತೆಗೆ ತಕ್ಕಷ್ಟು ಅಗಲ. ಕಾರು ನಡೆಸುವಾತ ವಿವರಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಅವರ ಎರಡು ಎಕರೆ ಇರುವುದು ನಾಲೆಯ ಕೊನೆಯಲ್ಲಿ. ತೂಬಿನ ಬಳಿ ರಾತ್ರಿಗಳನ್ನು ಕಳೆದವರು; ಮೇಲಿನ ಗದ್ದೆಯ ದಾಯಾದಿಯೊಡನೆ ಮಾತುಬಿಟ್ಟು ಹನ್ನೆರಡು ವರ್ಷವಾಯಿತು.

“ಮೇಲಿನೋನು ನೀರು ಬಿಡ್ದಿದ್ರೆ ಏನ್ಮಾಡ್ತೀರಿ ಅಂತ ಕೇಳಿ, ಅಳಿಯಂದ್ರೆ” ಎಂದರು.

ಗದ್ದೆಯಲ್ಲಿದ್ದ ಮುದುಕನೊಬ್ಬ ನಕ್ಕ. ಕಾರಿನಾತ ಇಂಗ್ಲಿಷಿಗೆ ತಿರುಗಿಸಿದ ಉತ್ತರದ ಸಾರ ಇಷ್ಟು: ಕೆಳಗಿನವನಿಗೆ ನೀರು ತಪ್ಪಿದರೆ ಅವನ ನಾಟಿ ಹಿಂದೆ ಬೀಳುತ್ತದೆ. ಆಗ ವರ್ಷವೆಲ್ಲ ಎಲ್ಲಾದರೊಂದು ಕಡೆ ಪೈರು ನಿಂತಿರುತ್ತದೆ. ಇಲಿಗೂ ಜಿಗಿಹುಳುವಿಗೂ ಹಬ್ಬ. ಎಲ್ಲರೂ ಒಟ್ಟಿಗೆ ನೆಟ್ಟು, ಕೊಯ್ದು, ಬಯಲನ್ನು ಬರಿದು ಬಿಟ್ಟರೆ ಅವಕ್ಕೆ ಮೇವಿಲ್ಲ. ಆದ್ದರಿಂದ ನೀರು ಬಿಡುವುದರಲ್ಲಿ ಮೇಲಿನವನ ಹಿತವೂ ಇದೆ.

ಇದು ಬರಿಯ ಮಾತಲ್ಲವೆಂದು ಊರಿಗೆ ಬಂದ ಮೇಲೆ ಓದಿ ತಿಳಿದೆವು. ೧೯೭೦ರ ದಶಕದಲ್ಲಿ ಸರ್ಕಾರವು ಹೊಸ ತಳಿಗಳನ್ನು ಬಿಡುವಿಲ್ಲದೆ ಬೆಳೆಯಿರೆಂದಿತು. ನೀರಿನ ಸರದಿ ಕೆಟ್ಟು ಕೀಟಗಳು ಗದ್ದೆಗಳನ್ನು ಮುತ್ತಿದವು. ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ವಿದ್ವಾಂಸರು ಗಣಕಯಂತ್ರದಲ್ಲಿ ಲೆಕ್ಕಹಾಕಿ, ನೀರಿನ ದೇವಾಲಯಗಳ ಹಳೆಯ ಸರದಿಯೇ ಇಳುವರಿಗೆ ಒಳ್ಳೆಯದೆಂದು ೧೯೯೩ರಲ್ಲಿ ಪ್ರಕಟಿಸಿದರು. ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವವರಲ್ಲ. ಇದು ಮಾತ್ರ ಒಪ್ಪುವಂತಿದೆ.

ಮಧ್ಯಾಹ್ನ ಕೆಂಪಕ್ಕಿಯ ಅನ್ನ ಉಂಡೆವು. ಮನೆಯಾಕೆ ತಂದಿದ್ದ ಚಟ್ನಿಪುಡಿ ಅದಕ್ಕೆ ಚೆನ್ನಾಗಿ ಹೊಂದಿತು. ಬೆದುಗುಲಿನ ಬ್ರತಾನ್ ಸರೋವರದಲ್ಲಿ ದೇವಿ ದಾನುವಿನ ಗುಡಿಯನ್ನು ಮಂಜಿನಲ್ಲೇ ನೋಡಿದೆವು. ಕೆಳಗಿನ ಗದ್ದೆಗಳ ನೀರಿಗೆ ಆಕೆಯೇ ಒಡತಿಯೆಂದು ಜನರ ನಂಬಿಕೆ. ಹನ್ನೊಂದು ಅಂತಸ್ತಿನ ಹುಲ್ಲುಮಾಡಿನ ಗೋಪುರವನ್ನು ಮಗಳು ಎರಡು ಸಲ ಎಣಿಸಿದಳು.

ಅಲ್ಲಿಂದ ಮುಂದೆ ಮುಂಡುಕ್ ಎಂಬ ಬೆಟ್ಟದೂರು. ಕಾಫಿ, ಲವಂಗದ ತೋಟಗಳು. ರಸ್ತೆಯಂಚಿನಲ್ಲಿ ಚಾಪೆಯ ಮೇಲೆ ಲವಂಗ ಒಣಗುತ್ತಿತ್ತು, ಊರಿಗೆ ಊರೇ ಘಮಘಮ. ಮಾವನವರು ಎರಡು ಪೊಟ್ಟಣ ಕೊಂಡರು. ಒಂದು ನಮ್ಮ ಅತ್ತೆಯವರಿಗೆ. ಇನ್ನೊಂದು ಯಾರಿಗೆಂದು ಮಗಳು ಕೇಳಿದಳು.

“ಮೇಲಿನ ಗದ್ದೆ ತಾತಂಗೆ” ಎಂದರು.

ಉಬುದ್ ತಲಪಿದಾಗ ರಾತ್ರಿ ಎಂಟು. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕಾರೆಲ್ಲ ಲವಂಗದ ವಾಸನೆ.