ಜಿ ಒತ್ತಿದರೆ ಅಂಗಳ, ಇ ಒತ್ತಿದರೆ ಮುಖ

ಮದುವೆ ಮುಗಿದು ವಾರವಾಗಿತ್ತು. ಅಕ್ಕನ ಮಗ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದ. ಎರಡು ದಿನದ ಮದುವೆಯಲ್ಲಿ ಅವನು ತೆಗೆದದ್ದು ನಾಲ್ಕು ಸಾವಿರದ ಚಿಲ್ಲರೆ ಫೋಟೋ. "ಮಾಮ, ಆಲ್ಬಮ್ಮಿಗೆ ಇನ್ನೂರು ಆರಿಸಿ ಕೊಡಬೇಕು. ಮೂರು ರಾತ್ರಿ ಕೂತರೂ ಧಾರೆ ದಾಟಿಲ್ಲ" ಅಂದ.

ಪಕ್ಕದಲ್ಲಿ ಕೂತು ನೋಡಿದೆ. ಒಂದು ಫೋಟೋ ನೋಡುತ್ತಾನೆ, ಮೌಸ್ ಹಿಡಿದು ಪರದೆಯ ಕೆಳಗಿನ ಸಣ್ಣ ಗುರುತು ಹುಡುಕುತ್ತಾನೆ, ಎಲ್ಲ ಫೋಟೋಗಳ ಚೌಕಗಳು ಬಂದ ಮೇಲೆ ಇನ್ನೊಂದನ್ನು ಹುಡುಕಿ ಎರಡು ಸಲ ಕ್ಲಿಕ್ ಮಾಡುತ್ತಾನೆ. ಅಷ್ಟರಲ್ಲಿ ಮೊದಲನೆಯದರಲ್ಲಿ ಹುಡುಗಿಯ ಕಣ್ಣು ಹೇಗಿತ್ತೆಂದು ಮರೆತಿರುತ್ತದೆ. ಮತ್ತೆ ಹಿಂದಕ್ಕೆ.

"ಮೌಸ್ ಬಿಡು, ಎಡಗೈ ಕೀಬೋರ್ಡ್ ಮೇಲಿಡು, ಜಿ ಒತ್ತು" ಅಂದೆ.

ಫೋಟೋ ಆರಿಸಲು, ತಿದ್ದಲು ಅವನು ಬಳಸುವುದು ಲೈಟ್‌ರೂಮ್ ಕ್ಲಾಸಿಕ್ ಎಂಬ ತಂತ್ರಾಂಶ. ಅಡೋಬಿಯವರು 2007ರಲ್ಲಿ ಲೈಟ್‌ರೂಮಿನ ಮೊದಲ ಆವೃತ್ತಿ ತಂದರು. ನಾನು ಕೆಲಸ ಕಲಿತದ್ದು ಡಾರ್ಕ್‌ರೂಮಿನಲ್ಲಿ, ಹೈಪೋ ವಾಸನೆಯ ನಡುವೆ. ಆಗ ಒಂದು ರೋಲಿಗೆ 36 ಫೋಟೋ. ತೊಳೆದ ನೆಗೆಟಿವನ್ನು ಆರಾರರ ಪಟ್ಟಿಯಾಗಿ ಕತ್ತರಿಸಿ, ಕಾಗದದ ಮೇಲೆ ಒತ್ತಾಗಿ ಜೋಡಿಸಿ ಬೆಳಕು ಬಿಟ್ಟರೆ ಇಡೀ ರೋಲು ಒಂದೇ ಹಾಳೆಯಲ್ಲಿ ಮೂಡುತ್ತಿತ್ತು. ಅದು ಕಾಂಟ್ಯಾಕ್ಟ್ ಶೀಟು. ಮೊದಲು ಹಾಳೆಯನ್ನು ದೂರ ಹಿಡಿದು ನೋಡುತ್ತಿದ್ದೆವು. ಆಮೇಲೆ ಲೂಪ್ ಎಂಬ ಪುಟ್ಟ ಭೂತಕನ್ನಡಿಯನ್ನು ಒಂದೊಂದು ಚೌಕದ ಮೇಲಿಟ್ಟು, ಅದಕ್ಕೆ ಕಣ್ಣು ತಾಗಿಸಿ ಬಗ್ಗುತ್ತಿದ್ದೆವು. ಲೈಟ್‌ರೂಮಿನಲ್ಲಿ ಜಿ ಒತ್ತಿದರೆ ಬರುವ ಗ್ರಿಡ್ ಆ ಹಾಳೆಯೇ. ಇ ಒತ್ತಿದರೆ ಬರುವ ನೋಟದ ಹೆಸರೇ ಲೂಪ್. ಹೀಗೆ ಹೇಳಿದಾಗ ಹುಡುಗ ಮೊದಲ ಸಲ ಆ ಪದವನ್ನು ಗಮನವಿಟ್ಟು ಓದಿದ.

ಧಾರೆಯ ಹೊತ್ತಿನ ಫೋಟೋ ಆರಿಸುವುದು ಎಷ್ಟು ಕಷ್ಟ ಎಂದು ತೆಗೆದವರಿಗೇ ಗೊತ್ತು. ಅಂತರಪಟ ಸರಿಯುತ್ತದೆ, ಜೀರಿಗೆ ಬೆಲ್ಲ ಬೀಳುತ್ತದೆ, ಎರಡು ಮೂರು ಸೆಕೆಂಡಿನಲ್ಲಿ ಹದಿನೈದು ಫೋಟೋ. ಒಂದರಲ್ಲಿ ಹುಡುಗಿ ಕಣ್ಣು ಮುಚ್ಚಿದ್ದಾಳೆ, ಇನ್ನೊಂದರಲ್ಲಿ ಪುರೋಹಿತರ ಕೈ ಅಡ್ಡ, ಮತ್ತೊಂದರಲ್ಲಿ ಸೋದರಮಾವನ ತಲೆ. ಇಲ್ಲಿ ಸಿ ಬೇಕು. ಎರಡು ಫೋಟೋ ಅಕ್ಕಪಕ್ಕ ನಿಲ್ಲುತ್ತವೆ. ಎಡಗಡೆಯದು ಸದ್ಯಕ್ಕೆ ಗೆದ್ದದ್ದು, ಬಲಗಡೆಯದು ಸವಾಲು ಹಾಕಲು ಬಂದದ್ದು. ಬಾಣದ ಕೀಲಿ ಒತ್ತಿದ ಹಾಗೆಲ್ಲ ಬಲಗಡೆಯದು ಮಾತ್ರ ಬದಲಾಗುತ್ತದೆ. ಬೀಗದ ಗುರುತು ಹಾಕಿದ್ದರೆ ಒಂದರಲ್ಲಿ ಕಣ್ಣಿನ ಹತ್ತಿರ ಹೋದಾಗ ಇನ್ನೊಂದರಲ್ಲೂ ಅಷ್ಟೇ ಹತ್ತಿರ ಹೋಗುತ್ತದೆ. ನಾಲ್ಕೈದು ಉಳಿದಾಗ ಅವನ್ನೆಲ್ಲ ಆರಿಸಿ ಎನ್ ಒತ್ತಿದರೆ ಒಟ್ಟಿಗೆ ಹರಡಿಕೊಳ್ಳುತ್ತವೆ. ಒಂದೊಂದನ್ನೇ ತೆಗೆದ ಹಾಗೆ ಉಳಿದವು ದೊಡ್ಡದಾಗುತ್ತವೆ. ಕಡೆಗೆ ಆಲ್ಬಮ್ಮಿಗೆ ಹೋಗುವ ಫೋಟೋ ಒಂದೇ ಪರದೆ ತುಂಬ ನಿಲ್ಲುತ್ತದೆ.

ಕೀಬೋರ್ಡ್ ನೋಡಿ: ಇ, ಡಿ, ಸಿ ಮೂರೂ ಎಡಗೈ ನಡುಬೆರಳಿನ ದಾರಿಯಲ್ಲಿ ಒಂದರ ಕೆಳಗೊಂದು ಇವೆ. ಇ ಹತ್ತಿರದಿಂದ ನೋಡಲು, ಡಿ ತಿದ್ದಲು, ಸಿ ಹೋಲಿಸಲು. ಪಕ್ಕದ ತೋರುಬೆರಳು ಜಿಗೆ ಸಿಗುತ್ತದೆ. ಒಗ್ಗರಣೆ ಹಾಕುವಾಗ ನಮ್ಮಮ್ಮ ಡಬ್ಬಿಯ ಕಡೆ ನೋಡುತ್ತಿರಲಿಲ್ಲ. ಎಣ್ಣೆ ಕಾದ ಹದ ತಪ್ಪಬಾರದು, ಕಣ್ಣು ಅಲ್ಲೇ ಇರಬೇಕು. ಸಾಸಿವೆ ಎಲ್ಲಿದೆ ಎಂದು ಕೈಗೆ ಗೊತ್ತಿತ್ತು. ಈ ಅಕ್ಷರಗಳನ್ನು ಕಲಿಯಿರಿ ಎಂದು ನಾನು ಹಟ ಹಿಡಿಯುವುದು ಸಮಯ ಉಳಿಯಲಿ ಎಂದಲ್ಲ. ಕಣ್ಣು ಮುಖದ ಮೇಲಿಂದ ಕದಲಬಾರದು. ಎರಡು ನಗುಗಳ ನಡುವಿನ ವ್ಯತ್ಯಾಸ ಬಹಳ ಸಣ್ಣದು. ಮೆನು ಹುಡುಕಿ ಬರುವಷ್ಟು ಹೊತ್ತು ಅದು ನೆನಪಿನಲ್ಲಿ ನಿಲ್ಲುವುದಿಲ್ಲ.

ಅಕ್ಷರಗಳನ್ನು ನಂಬುವಾಗ ಎಲ್ಲಿದ್ದೇವೆ ಎಂಬ ಎಚ್ಚರವೂ ಬೇಕು. ಫೋಟೋಶಾಪಿನಲ್ಲಿ ಇ ಎಂದರೆ ಅಳಿಸುವ ರಬ್ಬರು, ಸಿ ಎಂದರೆ ಕತ್ತರಿಸುವ ಚೌಕಟ್ಟು. ಅಲ್ಲಿ ನೋಟ ಬದಲಿಸಲು ಎಫ್, ಪಕ್ಕದ ಫಲಕಗಳನ್ನೆಲ್ಲ ಮರೆಮಾಡಲು ಟ್ಯಾಬ್. ಲೈಟ್‌ರೂಮಿನಲ್ಲೇ ಫೋಟೋಗೆ ಹೆಸರು ಬರೆಯುವ ಪೆಟ್ಟಿಗೆಯಲ್ಲಿ ಕರ್ಸರ್ ಇದ್ದರೆ ಜಿ ಬರೀ ಜಿ. ಒಂದೇ ಕೀಲಿ ಒಂದೊಂದು ಸ್ಥಿತಿಯಲ್ಲಿ ಒಂದೊಂದು ಕೆಲಸ ಮಾಡುವುದನ್ನು ಲ್ಯಾರಿ ಟೆಸ್ಲರ್ ಬದುಕಿಡೀ ವಿರೋಧಿಸಿದರು. ಕಟ್, ಕಾಪಿ, ಪೇಸ್ಟ್ ರೂಪುಗೊಳ್ಳುವಲ್ಲಿ ದುಡಿದವರು ಅವರು, 2020ರಲ್ಲಿ ತೀರಿಕೊಂಡರು. ಅವರ ಮಾತಿನಲ್ಲಿ ಹುರುಳಿದೆ. ಆದರೂ ಸಾವಿರಾರು ಫೋಟೋ ಮುಂದಿಟ್ಟುಕೊಂಡು ಕೂತವನಿಗೆ ಒಂಟಿ ಅಕ್ಷರದಷ್ಟು ಹಗುರವಾದ ಕೀಲಿ ಬೇರೆ ಇಲ್ಲ. ನಮ್ಮವರಿಗೆ ಇನ್ನೊಂದು ಮಾತು: ಕನ್ನಡ ಟೈಪಿಂಗ್ ಆನ್ ಆಗಿದ್ದರೆ ಈ ಅಕ್ಷರಗಳು ಕೆಲಸ ಮಾಡದೆ ಹೋಗಬಹುದು. ಇಂಗ್ಲಿಷಿಗೆ ಬದಲಿಸಿ ಒತ್ತಿ.

ಡಿ ಒತ್ತಿ ತಿದ್ದಲು ಹೋದ ಮೇಲೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೀಲಿ ಬ್ಯಾಕ್‌ಸ್ಲ್ಯಾಶ್. ಒಮ್ಮೆ ಒತ್ತಿದರೆ ತಿದ್ದುವ ಮುಂಚಿನ ಫೋಟೋ, ಇನ್ನೊಮ್ಮೆ ಒತ್ತಿದರೆ ತಿದ್ದಿದ್ದು. ನಮ್ಮ ಕಣ್ಣು ಬಣ್ಣಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಕಲ್ಯಾಣ ಮಂಟಪದ ಹಳದಿ ದೀಪ, ಚೆಂಡುಹೂವು, ಹುಡುಗಿಯ ಕೆನ್ನೆಯ ಅರಿಸಿನ ಇವನ್ನೇ ಹತ್ತು ನಿಮಿಷ ನೋಡುತ್ತಾ ಕೂತರೆ ಹಳದಿಯೇ ಸರಿ ಎನಿಸತೊಡಗುತ್ತದೆ. ಮತ್ತಷ್ಟು ಹಳದಿ ಸೇರಿಸುತ್ತೇವೆ, ಅದೂ ಸರಿ ಎನಿಸುತ್ತದೆ. ಆ ರಾತ್ರಿ ಹುಡುಗನಿಗೆ ಆದದ್ದೂ ಇದೇ. ಬ್ಯಾಕ್‌ಸ್ಲ್ಯಾಶ್ ಒತ್ತಿಸಿದೆ. "ಅಯ್ಯೋ ಮಾಮ, ಮುಖದ ಬಣ್ಣವೇ ಹೋಗಿದೆ" ಅಂದ. ವೈ ಒತ್ತಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮತ್ತೆ ಮೊದಲಿನಿಂದ ತಿದ್ದಿದ. ಆಮೇಲೆ ಎಲ್ ತೋರಿಸಿದೆ. ಒಮ್ಮೆ ಒತ್ತಿದರೆ ಫೋಟೋ ಬಿಟ್ಟು ಸುತ್ತಲಿನದೆಲ್ಲ ಮಂಕಾಗುತ್ತದೆ, ಎರಡನೇ ಸಲಕ್ಕೆ ಪೂರ್ತಿ ಕತ್ತಲು, ಮೂರನೆಯದಕ್ಕೆ ಎಲ್ಲ ವಾಪಸ್. ಆ ಕತ್ತಲಲ್ಲಿ ಧಾರೆಯ ಫೋಟೋ ಒಂದೇ ಉಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಹುಡುಗಿಯ ತಂದೆಯ ಕೈ ನಡುಗುತ್ತಿದ್ದದ್ದು ಆಗ ಕಂಡಿತು. ಅಷ್ಟು ಹೊತ್ತು ನಾವಿಬ್ಬರೂ ಅದನ್ನು ನೋಡಿರಲಿಲ್ಲ.

ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಲೈಟ್‌ರೂಮ್ ತೆರೆದು ಕಂಟ್ರೋಲ್ ಹಿಡಿದು ಸ್ಲ್ಯಾಶ್ ಒತ್ತಿ, ಮ್ಯಾಕ್ ಇದ್ದರೆ ಕಮಾಂಡ್ ಹಿಡಿದು ಒತ್ತಿ. ನೀವಿರುವ ವಿಭಾಗದ ಕೀಲಿಗಳ ಪಟ್ಟಿ ಪರದೆಗೆ ಬರುತ್ತದೆ. ಈ ವಾರ ಜಿ ಮತ್ತು ಇ ಎರಡೇ ಕಲಿಯಿರಿ, ಸಿ ಮುಂದಿನ ವಾರಕ್ಕಿರಲಿ.