ಗೋಡೆಯ ಜಾತಕ: ಕೃಷ್ಣೆಯ ಸೀಮೆಯಲ್ಲಿ ಬಣ್ಣದ ಮಾತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು 'ಬಣ್ಣ ಹಚ್ಚಿ ನೋಡು' ಎಂದು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಅವರಿಗೆ ಇರಲಿಲ್ಲ. ಮಹಾನವಮಿ ಹತ್ತಿರ ಬಂತೆಂದರೆ ಸುಣ್ಣದ ಹರಳು ನೆನೆಹಾಕುವುದು, ಅದು ಕುದಿದು ಆರಿದ ಮೇಲೆ ಚಿಟಿಕೆ ನೀಲಿ, ಒಂದಿಷ್ಟು ಅಂಟು ಕಲಸಿ ಬಳಿಯುವುದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಆಯ್ಕೆಯೇ ಇಲ್ಲದಿದ್ದಲ್ಲಿ ಚಿಂತೆ ಎಲ್ಲಿಂದ ಬರಬೇಕು?

ಈಗ ಚಿಕ್ಕೋಡಿಯ ಪೇಟೆಯಲ್ಲೂ ಬಣ್ಣ ಬೆರೆಸುವ ಯಂತ್ರ ಬಂದಿದೆ. ಶೇಡ್ ಕಾರ್ಡು ಬಿಚ್ಚಿದರೆ ಸಾವಿರಾರು ಬಣ್ಣ. ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಸಂವಾದ ಮಾತ್ರ ಬಹುತೇಕ ಹೀಗೆ:

'ಯಾವ ಬಣ್ಣ ಕೊಡ್ಲಿರಿ, ಸಾವ್ಕಾರ್ರ?'

'ನಮ್ಮ ಬಾಜೂ ಮನಿಯವ್ರು ಒಯ್ದಾರಲ್ಲ, ಅದನ್ನ ಕೊಡ್ರಿ. ಆದ್ರ ಅದರಂಗ ಕಾಣಬಾರ್ದು ನೋಡ್ರಿ!'

ನಗು ಬಂದರೂ ಇದು ಸಣ್ಣ ಮಾತಲ್ಲ. ಕಬ್ಬಿನ ಬಿಲ್ಲು ಬಂದಾಗ, ಇಲ್ಲವೇ ಮಗಳ ಮದುವೆ ಗೊತ್ತಾದಾಗ ಕೂಡಿಟ್ಟ ಹಣ ತೆಗೆದು ಹಚ್ಚಿದ ಬಣ್ಣ ವರ್ಷದೊಳಗೆ ಸಿಪ್ಪೆಯಂತೆ ಎದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ದೊಡ್ಡ ಊರುಗಳಲ್ಲಿ ಬಣ್ಣದ ಕಂಪನಿಗಳೇ ಸಲಹೆಗಾರರನ್ನು ಮನೆಗೆ ಕಳಿಸುವ ಪದ್ಧತಿ ಬಂದಿದೆ. ನಮ್ಮ ಕಡೆ ಅಂಗಡಿಯವರೂ ಪೇಂಟರೂ ಸೇರಿಯೇ ಆ ಕೆಲಸ ಮಾಡುತ್ತಾರೆ. ಯಾರೇ ಬರಲಿ, ಅವರು ಬರುವ ಮುನ್ನ ಮನೆಯವರು ತಮ್ಮ ಗೋಡೆಗಳ ಜಾತಕ ಬರೆದಿಟ್ಟಿರಬೇಕು. ಆ ಜಾತಕ ಊರೂರಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಲು ನಿಪ್ಪಾಣಿಯಿಂದ ಕಾಗವಾಡದವರೆಗೆ ಒಂದು ಸುತ್ತು ಹೋಗಿಬಂದರೆ ಸಾಕು.

ನಿಪ್ಪಾಣಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ತಂಬಾಕಿನ ವಖಾರಿಗಳು, ಬೀಡಿ ಕಟ್ಟುವ ಕೈಗಳು, ಕನ್ನಡದಷ್ಟೇ ಸಲೀಸಾಗಿ ಓಡುವ ಮರಾಠಿ. ಐದು ತಾಲ್ಲೂಕುಗಳಲ್ಲಿ ಸಹ್ಯಾದ್ರಿಗೆ ಹತ್ತಿರದ್ದು ಇದೇ. ಹೀಗಾಗಿ ಮಳೆಗಾಳಿ ಪಡುವಣದಿಂದ ಬಂದು ಗೋಡೆಗೆ ಬಡಿಯುತ್ತದೆ. ಇಳಿಜಾರು ಹಂಚಿನ ಹಳೆಯ ಮನೆಗಳನ್ನು ನೋಡಿ: ಸೂರು ಮುಂದೆ ಚಾಚಿ ಗೋಡೆಯನ್ನು ಕಾಯುತ್ತದೆ. ಹೊಸ ಆರ್‌ಸಿಸಿ ಮನೆಗಳಿಗೆ ಆ ಸೂರಿಲ್ಲ. ಪಡುವಣ ಗೋಡೆ ಮೊದಲು ಪಾಚಿಗಟ್ಟಿ ಹಸಿರಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಇಲ್ಲಿ ಸಲಹೆಗಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಬಣ್ಣ?' ಎಂದಲ್ಲ, 'ಪಾಚಿ ತಡೆಯುವ ಹೊರಗೋಡೆ ಬಣ್ಣ ಯಾವುದು? ಮೊದಲು ಗೋಡೆಯನ್ನು ಹೇಗೆ ತೊಳೆಯುತ್ತೀರಿ?' ಎಂದು. ಪಾಚಿಯ ಮೇಲೆ ಹಚ್ಚಿದ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ.

ಅಲ್ಲಿಂದ ಮೂಡಣಕ್ಕೆ ಚಿಕ್ಕೋಡಿ. ವೇದಗಂಗಾ, ದೂಧಗಂಗಾ ನದಿಗಳು ಕೃಷ್ಣೆಯನ್ನು ಹುಡುಕಿಕೊಂಡು ಹರಿಯುವ ಸೀಮೆ ಇದು. ಸದಲಗಾ, ಮಾಂಜರಿ, ವೀರಭದ್ರ ದೇವರ ಯಡೂರ ಎಲ್ಲವೂ ನೀರಿನ ಮಗ್ಗುಲಲ್ಲೇ ಇವೆ. 2005, 2019 ಮತ್ತು 2021ರ ಮಹಾಪೂರಗಳನ್ನು ಹೊಳೆಸಾಲಿನ ಜನ ಮರೆತಿಲ್ಲ. ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿಯುವ ಆ ಕಂದು ಗೆರೆಯನ್ನು ಬೇಗ ಅಳಿಸಿಬಿಡಬೇಕು ಎಂಬ ಅವಸರ ಯಾರಿಗಾದರೂ ಸಹಜವೇ. ದುಡ್ಡು ಹಾಳಾಗುವುದೂ ಇಲ್ಲಿಯೇ. ದಪ್ಪ ಕಲ್ಲು-ಮಣ್ಣಿನ ಗೋಡೆ ಒಳಗಿನಿಂದ ಒಣಗಲು ತಿಂಗಳುಗಟ್ಟಲೆ ಬೇಕು. ಮೇಲುನೋಟಕ್ಕೆ ಒಣಗಿದ ಗೋಡೆಗೆ ಪ್ಲಾಸ್ಟಿಕ್ ಪೇಂಟು ಹಚ್ಚಿದರೆ ಒಳಗಿನ ತೇವಕ್ಕೆ ದಾರಿ ಇಲ್ಲದಂತಾಗುತ್ತದೆ. ಗುಳ್ಳೆ ಎದ್ದು ಪದರು ಕಳಚುತ್ತದೆ. ಹಳೆಯ ಸುಣ್ಣ ಹೀಗಲ್ಲ. ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಪೂರ ಬಂದ ಮನೆಗೆ ಮೊದಲ ವರ್ಷ ಸುಣ್ಣವೇ ಮದ್ದು. ಅನುಮಾನವಿದ್ದರೆ ಒಂದು ಕೈಯಗಲ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಅಂಟಿಸಿ ಒಂದೆರಡು ದಿನ ಬಿಡಿ. ಒಳಮಗ್ಗುಲಲ್ಲಿ ನೀರಹನಿ ಕಂಡರೆ ಸಲಹೆಗಾರರನ್ನು ಇನ್ನೂ ಕರೆಯಬೇಡಿ.

ರಾಯಬಾಗದ ಕಥೆ ಬೇರೆ. ಈ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಬಣ್ಣ ಎಂದರೆ ಭಂಡಾರದ ಹಳದಿ. ನೆಲ, ಗೋಡೆ, ಮೈ, ಮುಂಡಾಸ ಎಲ್ಲ ಅದೇ. ಆ ಹಳದಿಯನ್ನು ಮನೆಗೂ ತರಬೇಕೆಂದು ಅನಿಸಿದರೆ ತಪ್ಪಿಲ್ಲ. ಆದರೆ ಜಾತ್ರೆಯ ಬಯಲಿನಲ್ಲಿ ಕಣ್ಣಿಗೆ ಹಬ್ಬವಾದ ಹಳದಿ ಹತ್ತು ಅಡಿ ಕೋಣೆಯ ನಾಲ್ಕು ಗೋಡೆಗೂ ಬಂದರೆ ಉರಿಯಂತೆ ಕಾಣುತ್ತದೆ. ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬಿದ್ದು ತೀಕ್ಷ್ಣವಾಗುವುದೇ ಇದಕ್ಕೆ ಕಾರಣ. ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸಿ. ದೇವರಮನೆಗೋ ಪಡಸಾಲೆಯ ಒಂದು ಗೋಡೆಗೋ ಗಾಢ ಹಳದಿ ಇರಲಿ.

ಕುಡಚಿ ದಾಟಿ ರೈಲು ಕೃಷ್ಣೆಯ ಸೇತುವೆ ಹತ್ತಿದರೆ ಆಚೆ ದಡದಲ್ಲಿ ಉಗಾರ. ಹೊಳೆಯ ಎರಡೂ ಬದಿಗೆ ಕಬ್ಬು. ನೀರು ಹೆಚ್ಚಾಗಿ ಉಣಿಸಿದ ಕಪ್ಪು ಎರೆಭೂಮಿ ಸವಳು-ಜವಳಾದದ್ದು ಇಲ್ಲಿನ ರೈತರಿಗೆ ಗೊತ್ತಿರುವ ನೋವು. ಆ ಸವಳು ಹೊಲದಲ್ಲೇ ನಿಲ್ಲುವುದಿಲ್ಲ. ಉಪ್ಪುನೀರಿನಲ್ಲಿ ಕಲಸಿದ ಗಾರೆಯಿಂದ, ಬುನಾದಿಯಿಂದ ಏರುವ ತೇವದಿಂದ ಗೋಡೆಯ ಬುಡಕ್ಕೂ ಬರುತ್ತದೆ. ಬಿಳಿ ಹಿಟ್ಟಿನಂತೆ ಉಪ್ಪು ಎದ್ದು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಕಾಗವಾಡದ ಕಡೆ ಮನೆ ಇರುವವರು ಇದನ್ನು ಮೊದಲು ತೋರಿಸಬೇಕು. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ತೇವದ ಮೂಲ ನಿಲ್ಲದೆ ಯಾವ ದುಬಾರಿ ಡಬ್ಬಿಯೂ ಉಪಯೋಗವಿಲ್ಲ. ಕಾರ್ಖಾನೆಯ ಹತ್ತಿರದ ಮನೆಗಳಿಗೆ ಹಂಗಾಮಿನಲ್ಲಿ ಚಿಮಣಿಯ ಕರಿ ಬೂದಿಯೂ ಇದೆ. ಹೊರಗೆ ಅಚ್ಚ ಬಿಳಿ ಹಚ್ಚಿದವರು ಯುಗಾದಿಯ ಹೊತ್ತಿಗೆ ಬೂದು ಬಣ್ಣದ ಮನೆಯವರಾಗಿರುತ್ತಾರೆ!

ಅಥಣಿಯಲ್ಲಿ ಬಿಸಿಲಿನದೇ ರಾಜ್ಯ. ಮುರುಘೇಂದ್ರ ಶಿವಯೋಗಿಗಳಿದ್ದ ಗಚ್ಚಿನಮಠದ ಹೆಸರಿನಲ್ಲೇ ಗಚ್ಚು, ಅಂದರೆ ಸುಣ್ಣದ ಗಾರೆ, ಇದೆ. ಊರು ದಾಟಿ ಐಗಳಿ, ತೆಲಸಂಗದ ಕಡೆ ಹೋದಂತೆ ಮಳೆ ಕಡಿಮೆ, ಮಣ್ಣಿನ ಮಾಳಿಗೆಯ ಮನೆಗಳು ಹೆಚ್ಚು. ಹೊರಗೆ ಕಣ್ಣು ಕುಕ್ಕುವ ಬೆಳಕು. ಒಳಗೆ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬಿಸಿಲು. ಒಳಗಿನ ಗೋಡೆಗೆ ಬಿಳಿ ಅಥವಾ ಹಾಲುಬಣ್ಣ ಇದ್ದರೆ ಅದೇ ಬೆಳಕು ಮೂಲೆಯವರೆಗೆ ಹಬ್ಬುತ್ತದೆ. ಇನ್ನು ಬಾಗಿಲಿನ ಬಣ್ಣಕ್ಕೆ ಕಾರ್ಡೇ ಬೇಡ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಅಥಣಿಯ ಕುಶಲಕರ್ಮಿಗಳ ಕೈಯಲ್ಲಿ ಜಾಲಿ ತೊಗಟೆ, ಅಳಲೆಕಾಯಿಯಿಂದ ಹದವಾದ ಆ ತೊಗಲಿನ ಕಂದು ಬಣ್ಣವೇ ಸಾಕು.

ಇಷ್ಟು ಹತ್ತಿರದ ಊರುಗಳಿಗೇ ಇಷ್ಟು ಬೇರೆ ಬೇರೆ ಉತ್ತರ. ಹಾಗಾದರೆ ಜಾತಕ ಬರೆಯುವುದು ಹೇಗೆ? ಪ್ರತಿ ಕೋಣೆಯನ್ನೂ ಮುಂಜಾನೆ, ಮಧ್ಯಾಹ್ನ ಮತ್ತು ದೀಪ ಹಚ್ಚಿದ ಮೇಲೆ ನೋಡಿ, ಬೆಳಕು ಎಲ್ಲಿಂದ ಬರುತ್ತದೆಂದು ಬರೆಯಿರಿ. ನೆಲ ಶಹಾಬಾದ್ ಕಲ್ಲೋ, ಕೆಂಪು ಗಾರೆಯೋ ಗುರುತಿಸಿ. ನೆಲ ಬದಲಾಗುವುದಿಲ್ಲ, ಬಣ್ಣವೇ ಅದಕ್ಕೆ ಹೊಂದಬೇಕು. ಅಳತೆಯನ್ನು ನೀವೇ ಹಿಡಿಯಿರಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳು 440 ಚದರಡಿ. 3x7 ಅಡಿಯ ಒಂದು ಬಾಗಿಲು, 4x4 ಅಡಿಯ ಎರಡು ಕಿಟಕಿ ಕಳೆದರೆ 387. ಈ ಲೆಕ್ಕ ಕೈಯಲ್ಲಿದ್ದರೆ ಡಬ್ಬಿಗಳ ಲೆಕ್ಕದಲ್ಲಿ ಯಾರೂ ಏಮಾರಿಸಲಾರರು.

ಮನೆಯವರೆಲ್ಲರನ್ನೂ ಕೇಳಿ. ದಿನದ ಹೆಚ್ಚು ಹೊತ್ತು ಅಡುಗೆಮನೆಯಲ್ಲಿ ಕಳೆಯುವ ಅವ್ವನನ್ನೋ ವೈನಿಯನ್ನೋ ಬಿಟ್ಟು ಅಡುಗೆಮನೆಯ ಬಣ್ಣ ನಿರ್ಧರಿಸುವ ಗಂಡಸರೇ ಹೆಚ್ಚು. ಕಣ್ಣು ಮಂಜಾದ ಅಜ್ಜ-ಅಜ್ಜಿಯರಿದ್ದರೆ ಮೆಟ್ಟಿಲಿನ ಅಂಚು, ಬಾಗಿಲ ಚೌಕಟ್ಟು ಗೋಡೆಗಿಂತ ಬೇರೆ ಬಣ್ಣದಲ್ಲಿ ಎದ್ದು ಕಾಣಲಿ, ಎಡವುವುದು ತಪ್ಪುತ್ತದೆ.

ಸಲಹೆಗಾರರು ಬಂದ ದಿನ ಕೇಳಬೇಕಾದ ಮಾತು ಮೂರು. ಸಲಹೆಗೆ ಬೇರೆ ಶುಲ್ಕವೋ, ಬಣ್ಣದ ಖರೀದಿಯಲ್ಲಿ ವಜಾ ಆಗುತ್ತದೆಯೋ? ಗೋಡೆಯ ಮೇಲೆ ಎರಡಡಿ ಚೌಕದ ಮಾದರಿ ಹಚ್ಚಿ ತೋರಿಸುತ್ತೀರಾ? ಬಣ್ಣದ ಸಂಖ್ಯೆಯನ್ನು ಬರೆದುಕೊಡುತ್ತೀರಾ? ಮಾದರಿಯನ್ನು ಎರಡು ದಿನ ನೋಡಿದ ಮೇಲೆಯೇ ಮುಂಗಡ ಕೊಡಿ. ಹೊಸ ಸಿಮೆಂಟ್ ಗಿಲಾವು ಆಗಿದ್ದರೆ ಕನಿಷ್ಠ 28 ದಿನ ಕಾಯಿರಿ. ಇನ್ನೊಂದು ಎಚ್ಚರ: ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಹೊರಬಿದ್ದದ್ದು 2016ರಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟನ್ನು ಒಣದಾಗಿ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಲಿ, ಮಕ್ಕಳು ಆ ದಿನ ಬೇರೆಡೆ ಇರಲಿ.

ಬಣ್ಣಕ್ಕೆ ಒಳ್ಳೆಯ ಕಾಲ ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ. ಅಲ್ಲಿಯವರೆಗೆ ಗೋಡೆಗಳನ್ನು ನೋಡುತ್ತಿರಿ. ಅವು ಎಲ್ಲಿ ತೇವ, ಎಲ್ಲಿ ಕತ್ತಲೆ, ಎಲ್ಲಿ ಉಪ್ಪು ಎಂದು ತಾವೇ ಹೇಳುತ್ತವೆ. ಅದನ್ನು ಕೇಳಿಸಿಕೊಂಡವರಿಗೆ ಶೇಡ್ ಕಾರ್ಡಿನ ಸಾವಿರ ಬಣ್ಣಗಳಲ್ಲಿ ನೋಡಬೇಕಾದವು ಹತ್ತೋ ಹನ್ನೆರಡೋ ಉಳಿಯುತ್ತವೆ. ಆ ಹತ್ತರಲ್ಲಿ ಒಂದನ್ನು ಮನಸ್ಸಿಗೆ ಬಂದಂತೆ ಆರಿಸಿ. ಬೇಕಾದರೆ ಬಾಜೂ ಮನೆಯವರದನ್ನೇ!