ಆಸ್ಪತ್ರೆಯ ಯಂತ್ರಪರಿಚಾರಕ

2016ನೆಯ ಇಸವಿಯಲ್ಲಿ ನಾವು ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋದುದು ದೇಶ ನೋಡುವ ಕುತೂಹಲದಿಂದಲ್ಲ. ಅಕ್ಕನ ಮಗಳ ಬಾಣಂತನಕ್ಕೆ ಅಕ್ಕನನ್ನು ಕರೆದೊಯ್ಯುವುದಕ್ಕಾಗಿ. ಆ ಊರಿನ ಕೊಲ್ಲಿಯಂಚಿನ ಮಿಷನ್ ಬೇ ಬಡಾವಣೆಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 2015ನೆಯ ಫೆಬ್ರವರಿ 1ರಂದು ತೆರೆದ ದೊಡ್ಡ ಆಸ್ಪತ್ರೆಯಿದೆ. ಮಕ್ಕಳಿಗೆ, ಸ್ತ್ರೀಯರಿಗೆ, ಅರ್ಬುದರೋಗಿಗಳಿಗೆ ಅಲ್ಲಿ ಬೇರೆಬೇರೆ ವಿಭಾಗಗಳುಂಟು.

ಹುಡುಗಿ ಒಳಗೆ ನೋಯುತ್ತಿದ್ದಳು. ನಾವು ಹೊರಗಿನ ಓಣಿಯಲ್ಲಿ ಕುಳಿತಿದ್ದೆವು. ಆಗ ಬೀರುವಿನಂತಹ ಬಂಡಿಯೊಂದು, ನೂಕುವವರಿಲ್ಲದೆ, ತಾನಾಗಿ ಬಂದಿತು. ಹಿರಿಯರಿಗೆ ದಾರಿ ಬಿಡುವವಳಂತೆ ಅಕ್ಕ ಗಡಿಬಿಡಿಯಿಂದೆದ್ದು, ಅದರ ದಾರಿಗೇ ಅಡ್ಡಲಾಗಿ ನಿಂತಳು. ಬಂಡಿಯೂ ನಿಂತಿತು! ಅವಳು ಸರಿದ ಮೇಲೆಯೇ ಅದು ಮುಂದುವರಿಯಿತು.

ಇದರ ಹೆಸರು 'ಟಗ್'. ಪಿಟ್ಸ್‌ಬರ್ಗಿನ ಏಥಾನ್ ಕಂಪೆನಿಯವರ ನಿರ್ಮಾಣ. ಆಸ್ಪತ್ರೆ ತೆರೆದಾಗ ಇಂತಹ 25 ಬಂಡಿಗಳು ಊಟ, ಬಟ್ಟೆ, ಔಷಧಗಳನ್ನು ಹೊರಲು ನೇಮಕವಾದುವು. ಕಟ್ಟಡದ ನಕ್ಷೆ ಅದರ ನೆನಪಿನಲ್ಲಿದೆ. ಲೇಸರ್ ಕಿರಣವೂ ಶಬ್ದತರಂಗವೂ ಅದಕ್ಕೆ ಕಣ್ಣು. ಲಿಫ್ಟಿಗೂ ಬಾಗಿಲಿಗೂ ನಿಸ್ತಂತುವಿನಿಂದಲೇ ಸುದ್ದಿ ಕಳುಹಿಸುವುದು. ಔಷಧದ ಪೆಟ್ಟಿಗೆಯಾದರೋ ಅಧಿಕಾರವುಳ್ಳ ದಾದಿಯ ಬೆರಳಗುರುತಿಗಲ್ಲದೆ ತೆರೆಯದು.

ಈ ಯೋಚನೆ ಹೊಸದೇನಲ್ಲ. 1961ರಲ್ಲಿ ಮೋಟಾರು ಕಾರ್ಖಾನೆಯೊಂದಕ್ಕೆ ಯಂತ್ರದ ತೋಳನ್ನು ಹೊಗಿಸಿದ ಜೋಸೆಫ್ ಎಂಗೆಲ್‌ಬರ್ಗರ್ ಎಂಬವರೇ, 1980ರ ದಶಕದ ಕೊನೆಯಲ್ಲಿ ಡ್ಯಾನ್‌ಬರಿಯ ಆಸ್ಪತ್ರೆಯಲ್ಲಿ 'ಹೆಲ್ಪ್‌ಮೇಟ್' ಎಂಬ ಬಂಡಿಯನ್ನು ಓಡಿಸಿ ನೋಡಿದರು. ಕಾರ್ಖಾನೆಯ ಯಂತ್ರಕ್ಕೆ ಬೇಲಿಯುಂಟು. ಆಸ್ಪತ್ರೆಯ ಯಂತ್ರವಾದರೋ ಕೋಲೂರಿ ನಡೆಯುವ ಮುದುಕರ ನಡುವೆ ಸಾಗಬೇಕು. ಆದುದರಿಂದ ಇದನ್ನು ರಚಿಸುವವರಿಗೆ ಓಡುವುದನ್ನು ಕಲಿಸುವುದಕ್ಕಿಂತ ನಿಲ್ಲುವುದನ್ನು ಕಲಿಸುವುದೇ ಹೆಚ್ಚಿನ ವಿದ್ಯೆ.

"ಇದು ಯಾರ ಅನ್ನವನ್ನು ಕಿತ್ತುಕೊಂಡಿತೋ!" ಎಂದಳು ಅಕ್ಕ. ನಮ್ಮೂರಿನ ಆಸ್ಪತ್ರೆಯಲ್ಲಿ ಊಟದ ಗಾಡಿ ನೂಕಿಯೇ ಮಕ್ಕಳನ್ನು ಓದಿಸಿದ ಆಯಾ ಒಬ್ಬಳನ್ನು ನಾವು ಬಲ್ಲೆವು. ಆದುದರಿಂದ ಅಕ್ಕನ ಮಾತಿಗೆ ನಾವು ಉತ್ತರ ಕೊಡಲಾರದೆ ಹೋದೆವು.

ಆದರೆ ಒಂದು ಸಂಗತಿಯನ್ನು ಕಂಡೆವು. ಬಂಡಿ ದಾದಿಯರ ಕಟ್ಟೆಯವರೆಗೆ ಹೋಗಿ ನಿಂತಿತು, ಕೋಣೆಯೊಳಕ್ಕೆ ಕಾಲಿಡಲಿಲ್ಲ. ಅಲ್ಲಿಂದ ಮಂಚದವರೆಗಿನ ಹತ್ತು ಹೆಜ್ಜೆಗಳನ್ನು ದಾದಿಯೇ ನಡೆದಳು. ಉಗ್ರಾಣಕ್ಕೆ ಓಡುವುದು ತಪ್ಪಿದ್ದರಿಂದಲೋ ಏನೋ, ಬೆಳಗಿನವರೆಗೂ ಆಕೆ ಹುಡುಗಿಯ ಬಳಿಯಲ್ಲೇ ಹೆಚ್ಚು ಹೊತ್ತು ಇದ್ದಳು.

ಸೂರ್ಯೋದಯಕ್ಕೆ ಹೆಣ್ಣುಮಗು ಹುಟ್ಟಿತು. ಆಕೆಯೇ ಹೊರಗೆ ಬಂದು ಅಕ್ಕನ ಕೈಹಿಡಿದು ಒಳಗೆ ಕರೆದೊಯ್ದಳು. ಆ ಹತ್ತು ಹೆಜ್ಜೆಗಳು ಎಂದೆಂದಿಗೂ ಮನುಷ್ಯರ ಪಾಲಿಗೇ ಉಳಿಯಲೆಂಬುದು ನಮ್ಮ ಹಾರೈಕೆ.